ವ್ಯಾನಿನಲ್ಲಿ ಊರೂರು ಸುತ್ತಿದ ಡಿ. ಬೂನ್

ಅಮೆರಿಕದ ಗಿಟಾರ್ ವಾದಕ ಡಿ. ಬೂನ್ 1958ರಲ್ಲಿ ಜನಿಸಿದರು. ಕ್ಯಾಲಿಫೋರ್ನಿಯಾದ ಬಂದರು ಊರು ಸ್ಯಾನ್ ಪೆಡ್ರೊದಲ್ಲಿ ಬೆಳೆದರು. 1980ರಲ್ಲಿ ಬಾಲ್ಯದ ಗೆಳೆಯ ಮೈಕ್ ವಾಟ್ ಜೊತೆ ‘ಮಿನಿಟ್‌ಮೆನ್’ ಎಂಬ ರಾಕ್ ತಂಡ ಕಟ್ಟಿದರು. ದೊಡ್ಡ ಕಂಪನಿಯ ಬಂಡವಾಳ ಅವರಿಗಿರಲಿಲ್ಲ. ಕಾಮರ್ಸ್ ಓದುವ ನಮಗೆ ಅವರ ಲೆಕ್ಕ ಬೇಗ ಅರ್ಥವಾಗುತ್ತದೆ: ಆದಾಯ ಕಡಿಮೆಯಿದ್ದರೆ ಖರ್ಚು ಇನ್ನೂ ಕಡಿಮೆ ಇರಬೇಕು. ತಾವೇ ವ್ಯಾನ್ ಓಡಿಸಿದರು, ತಾವೇ ಸಾಮಾನು ಹೊತ್ತರು, ಹೋಟೆಲ್ ಬದಲು ಪರಿಚಯದವರ ಮನೆಯಲ್ಲಿ ನೆಲದ ಮೇಲೆ ಮಲಗಿದರು. ಹಾಗಾಗಿ ಯಾರ ಹಂಗೂ ಇಲ್ಲದೆ ತಮಗೆ ಬೇಕಾದ ಹಾಡನ್ನೇ ಹಾಡಿದರು. 1984ರ ಅವರ ಜೋಡಿ ಆಲ್ಬಮ್‌ನಲ್ಲಿ 40ಕ್ಕೂ ಹೆಚ್ಚು ಹಾಡುಗಳಿದ್ದವು.

1985ರ ಡಿಸೆಂಬರ್ 22ರಂದು ಅರಿಜೋನಾದ ಮರುಭೂಮಿಯಲ್ಲಿ ಅವರಿದ್ದ ವ್ಯಾನ್ ಅಪಘಾತಕ್ಕೀಡಾಯಿತು. ಜ್ವರ ಬಂದು ಹಿಂದೆ ಮಲಗಿದ್ದ ಬೂನ್ 27ನೇ ವಯಸ್ಸಿಗೇ ತೀರಿಕೊಂಡರು. ದುಃಖದಲ್ಲಿದ್ದ ವಾಟ್ ಮರುವರ್ಷ ಹೊಸ ತಂಡದೊಂದಿಗೆ ಮತ್ತೆ ವ್ಯಾನ್ ಹತ್ತಿದರು. ತಮ್ಮ ಆಲ್ಬಮ್‌ಗಳನ್ನು ಗೆಳೆಯನಿಗೆ ಅರ್ಪಿಸುತ್ತಲೇ ಬಂದರು.