ದಾನಚಿಂತಾಮಣಿ ಅತ್ತಿಮಬ್ಬೆಯ ಶೋಕವಿಜಯ

ಅಷ್ಟಮಿ ಚತುರ್ದಶಿಗಳ ಪರ್ವದಿನಗಳಲ್ಲಿ ಪ್ರೋಷಧೋಪವಾಸವನ್ನು ಕೈಗೊಳ್ಳುವ ಶ್ರಾವಕ ಶ್ರಾವಿಕೆಯರು ನಮ್ಮ ಸಮಾಜದಲ್ಲಿ ಇಂದಿಗೂ ವಿರಳರಲ್ಲ. ಆದರೆ ಮನೆಯಲ್ಲಿ ಮರಣ ಸಂಭವಿಸಿ, ಪತಿಯನ್ನೋ ಪುತ್ರನನ್ನೋ ಕಳೆದುಕೊಂಡ ಶ್ರಾವಿಕೆಯು ಆಹಾರವನ್ನು ಬಿಟ್ಟು ಕುಳಿತಾಗ, ಅದು ಉಪವಾಸವೋ ಶೋಕವೋ ಎಂಬುದು ನೋಡುವವರಿಗೆ ತಿಳಿಯದು; ಅನೇಕ ವೇಳೆ ಆಕೆಗೂ ತಿಳಿಯದು. ಅನ್ನವನ್ನು ತೊರೆದ ಮಾತ್ರಕ್ಕೆ ಅದು ತಪಸ್ಸಾಗಲಾರದು. ಇಷ್ಟವಿಯೋಗದಿಂದ ಹುಟ್ಟುವ ಎಡೆಬಿಡದ ಚಿಂತೆಯನ್ನು ನಮ್ಮ ಆಚಾರ್ಯರು ಆರ್ತಧ್ಯಾನವೆಂದು ಕರೆದು, ಅದು ತಿರ್ಯಗ್ಗತಿಗೆ ಕಾರಣವೆಂದು ಎಚ್ಚರಿಸಿದ್ದಾರೆ. ಈ ಆರ್ತಧ್ಯಾನದಿಂದ ಧರ್ಮಧ್ಯಾನಕ್ಕೆ ಏರುವ ಬಗೆ ಹೇಗೆ? ಸಾವಿರ ವರ್ಷಗಳ ಹಿಂದೆ ಕನ್ನಡ ನಾಡಿನಲ್ಲಿ ಬಾಳಿದ ಮಹಾಶ್ರಾವಿಕೆ ಅತ್ತಿಮಬ್ಬೆಯು ತನ್ನ ಬಾಳಿನಿಂದಲೇ ಅದನ್ನು ತೋರಿಸಿಕೊಟ್ಟಿದ್ದಾಳೆ.

ಅತ್ತಿಮಬ್ಬೆಯ ಪೂರ್ವಜರು ವೆಂಗಿ ವಿಷಯದ ಕಮ್ಮೆನಾಡಿನ ಪುಂಗನೂರಿನವರು. ಕೌಂಡಿನ್ಯ ಗೋತ್ರದ ನಾಗಮಯ್ಯನಿಗೆ ಮಲ್ಲಪ, ಪುನ್ನಮಯ್ಯ ಎಂಬ ಇಬ್ಬರು ಮಕ್ಕಳು. ಇಬ್ಬರೂ ಶೂರರು, ಇಬ್ಬರೂ ಜಿನಭಕ್ತರು. ತಮ್ಮ ಗುರುಗಳಾದ ಜಿನಚಂದ್ರದೇವರ ಸ್ಮರಣಾರ್ಥವಾಗಿ ಈ ಸಹೋದರರು ಕವಿ ಪೊನ್ನನಿಂದ ಹದಿನಾರನೆಯ ತೀರ್ಥಂಕರರ ಚರಿತೆಯಾದ ಶಾಂತಿಪುರಾಣವನ್ನು ಬರೆಯಿಸಿದರು. ಗುರುವಿಯೋಗದ ದುಃಖವನ್ನು ಶಾಸ್ತ್ರದಾನವಾಗಿ ಮಾರ್ಪಡಿಸಿದ ಮನೆತನವಿದು. ಮಲ್ಲಪನ ಹಿರಿಯ ಮಗಳು ಅತ್ತಿಮಬ್ಬೆ, ಆಕೆಯ ತಂಗಿ ಗುಂಡಮಬ್ಬೆ. ತಂದೆ ಮಾಡಿದ ಆ ಒಂದು ಸತ್ಕಾರ್ಯವು ಮಗಳ ಬಾಳಿನ ಕಡುಗತ್ತಲೆಯಲ್ಲಿ ದೀಪವಾಗಿ ಒದಗಿತೆಂಬುದನ್ನು ಮುಂದೆ ನೋಡುವೆವು.

ಕ್ರಿ.ಶ. 973ರಲ್ಲಿ ರಾಷ್ಟ್ರಕೂಟ ಸಾಮ್ರಾಜ್ಯವು ಅಳಿದು, ಚಾಲುಕ್ಯ ವಂಶದ ಆಹವಮಲ್ಲ ತೈಲಪನು ರಾಜ್ಯಲಕ್ಷ್ಮಿಯನ್ನು ಮರಳಿ ಪಡೆದನು. ಆತನ ಮಹಾಮಂತ್ರಿ ಧಲ್ಲಪ. ಧಲ್ಲಪನ ಮಗ ನಾಗದೇವನು ಸೇನಾನಾಯಕನಾಗಿ ಅನೇಕ ಯುದ್ಧಗಳಲ್ಲಿ ಕೀರ್ತಿ ಗಳಿಸಿದವನು. ಅಕ್ಕತಂಗಿಯರಿಬ್ಬರನ್ನೂ ಈ ನಾಗದೇವನಿಗೇ ಕೊಟ್ಟು ವಿವಾಹ ಮಾಡಲಾಯಿತು. ಅತ್ತಿಮಬ್ಬೆಗೆ ಅಣ್ಣಿಗದೇವನೆಂಬ ಪುತ್ರನು ಜನಿಸಿದನು. ಐಶ್ವರ್ಯ, ಅಧಿಕಾರ, ಸಂತಾನ, ಸಹೋದರಿಯ ಸಾಹಚರ್ಯ, ಯಾವುದರಲ್ಲಿಯೂ ಕೊರತೆಯಿಲ್ಲದ ಸಂಸಾರ ಅದು.

ಆದರೆ ಸಂಸಾರದ ಸ್ವಭಾವವೇ ಅನಿತ್ಯವಲ್ಲವೇ? ನಾಗದೇವನು ಯುದ್ಧದಲ್ಲಿ ಮಡಿದನು. ಗುಂಡಮಬ್ಬೆಯು ಪತಿಯನ್ನಗಲಿ ಇರಲಾರದೆ ಸಹಗಮನ ಮಾಡಿದಳು. ಪತಿಯೊಡನೆ ಒಡಹುಟ್ಟಿದ ತಂಗಿಯೂ ಕಣ್ಮರೆಯಾದಳು. ಅತ್ತಿಮಬ್ಬೆಯ ಮುಂದೆ ಆಗ ಎರಡು ದಾರಿಗಳಿದ್ದವು. ತಂಗಿಯ ಹಾದಿಯನ್ನೇ ಹಿಡಿದಿದ್ದರೆ ಅಂದಿನ ಲೋಕವು ಆಕೆಯನ್ನು ಕೊಂಡಾಡಿ, ವೀರಪತ್ನಿಯೆಂದು ಕಲ್ಲು ನಿಲ್ಲಿಸುತ್ತಿತ್ತು. ಬದುಕಿ ಉಳಿದರೆ ವೈಧವ್ಯದ ಒಂಟಿತನ, ಕೈಕೂಸನ್ನು ಬೆಳೆಸುವ ಭಾರ, ಬಂಧುಗಳ ಕನಿಕರ.

ಗುಂಡಮಬ್ಬೆಯ ದುಃಖವನ್ನು ನಾವು ಲಘುವಾಗಿ ಕಾಣಲಾಗದು. ಆದರೆ ಧರ್ಮದ ನಿರ್ಣಯವು ಸ್ಪಷ್ಟವಾಗಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಬೆಟ್ಟದಿಂದ ಧುಮುಕುವುದನ್ನೂ ಬೆಂಕಿಗೆ ಬೀಳುವುದನ್ನೂ ಲೋಕಮೂಢತೆಯಲ್ಲಿ ಎಣಿಸಿದ್ದಾರೆ. ಮೋಹದ ಆವೇಗದಲ್ಲಿ ದೇಹವನ್ನು ತೊರೆಯುವುದು ಬೇರೆ, ಸಮತಾಭಾವದಿಂದ ಕಾಯಕಷಾಯಗಳನ್ನು ಕೃಶಗೊಳಿಸುವುದು ಬೇರೆ. ಅತ್ತಿಮಬ್ಬೆಯು ಈ ಭೇದವನ್ನು ಅರಿತಿದ್ದಳು. ಆಕೆ ಚಿತೆಯನ್ನೇರಲಿಲ್ಲ, ಮಗನಿಗಾಗಿ, ಧರ್ಮಕ್ಕಾಗಿ ಉಳಿದಳು. ವ್ರತನಿಯಮಗಳಿಂದ, ಉಪವಾಸಗಳಿಂದ ತನ್ನ ದೇಹವನ್ನು ದಂಡಿಸಿದಳೆಂದು ಆಕೆಯ ಆಶ್ರಯದ ಕವಿ ರನ್ನನು ವರ್ಣಿಸಿದ್ದಾನೆ. ಮಗ ಅಣ್ಣಿಗದೇವನು ತಾಯಿಯ ಆರೈಕೆಯಲ್ಲಿ ಬೆಳೆದು, ಪಡೆವಳ ತೈಲನೆಂಬ ಹೆಸರಿನಿಂದ ತಂದೆಗೆ ತಕ್ಕ ಸ್ಥಾನವನ್ನು ಪಡೆದನು.

ಇಲ್ಲಿಗೆ ಆಕೆಯ ಕಥೆ ಮುಗಿದಿದ್ದರೆ ಆಕೆ ಒಬ್ಬ ಸಾಧ್ವಿ ತಾಯಿ ಎನಿಸಿಕೊಳ್ಳುತ್ತಿದ್ದಳು, ದಾನಚಿಂತಾಮಣಿಯಾಗುತ್ತಿರಲಿಲ್ಲ. ಉಪವಾಸವು ಆಕೆಯನ್ನು ಒಳಗೆ ಬಿಗಿಯಾಗಿ ನಿಲ್ಲಿಸಿತು; ದಾನವು ಆಕೆಯನ್ನು ಹೊರಗೆ, ಜನರ ನಡುವೆ ಕರೆತಂದಿತು. ಅನಶನವು ಆರು ಬಾಹ್ಯತಪಗಳಲ್ಲಿ ಮೊದಲನೆಯದು. ವೈಯಾವೃತ್ಯವಾದರೋ ಆರು ಅಂತರಂಗ ತಪಗಳಲ್ಲಿ ಒಂದು. ಸಮಂತಭದ್ರರು ಈ ವೈಯಾವೃತ್ಯವನ್ನೇ ಶ್ರಾವಕನ ಶಿಕ್ಷಾವ್ರತಗಳಲ್ಲಿ ಪ್ರೋಷಧೋಪವಾಸದ ಮರುಸಾಲಿನಲ್ಲಿ ಇರಿಸಿ, ಆಹಾರ, ಔಷಧ, ಉಪಕರಣ, ಆವಾಸಗಳ ದಾನವನ್ನು ಅದರಲ್ಲಿ ಅಡಕಗೊಳಿಸಿದ್ದಾರೆ. ಉಪವಾಸದ ಬೆನ್ನಿಗೇ ಸೇವೆ ಬರಬೇಕೆಂಬುದು ಆ ಕ್ರಮದಿಂದಲೇ ತೋರುತ್ತದೆ. ಅತ್ತಿಮಬ್ಬೆಯ ಬಾಳು ನಡೆದುದೂ ಇದೇ ಕ್ರಮದಲ್ಲಿ.

ಆಕೆಯ ಮೊದಲ ನೋಟ ಹೋದುದು ತಂದೆ ಬರೆಯಿಸಿದ ಶಾಂತಿಪುರಾಣದ ಕಡೆಗೆ. ರಾಜ್ಯ ಉರುಳಿ ರಾಜ್ಯ ಎದ್ದ ಕಾಲ ಅದು. ಆಶ್ರಯವಿಲ್ಲದ ಗ್ರಂಥಗಳು ಹುಳುಹಿಡಿದು ನಶಿಸಿಹೋಗುವ ಭಯವಿತ್ತು. ಅತ್ತಿಮಬ್ಬೆಯು ಆ ಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಚ್ಚುಯಂತ್ರವಿಲ್ಲದ ದಿನಗಳಲ್ಲಿ ಇದೇನು ಸಾಮಾನ್ಯ ಕಾರ್ಯವೇ? ಓಲೆಗರಿಗಳನ್ನು ತರಿಸಿ ಹದಗೊಳಿಸಬೇಕು, ಸಮನಾಗಿ ಕತ್ತರಿಸಬೇಕು, ಕಬ್ಬಿಣದ ಕಂಟದಿಂದ ಒಂದೊಂದೇ ಅಕ್ಷರವನ್ನು ಕೊರೆಯಬೇಕು, ಮಸಿಯನ್ನು ಸವರಿ ಒರೆಸಬೇಕು, ತಪ್ಪುಗಳನ್ನು ತಿದ್ದಿ, ದಾರ ಪೋಣಿಸಿ, ಹಲಗೆಗಳ ನಡುವೆ ಕಟ್ಟಬೇಕು. ಇಂತಹ ಕಾರ್ಯವನ್ನು ಸಾವಿರ ಬಾರಿ ಮಾಡಿಸಲು ಎಷ್ಟೋ ಲಿಪಿಕಾರರಿಗೆ ಅನ್ನವನ್ನೂ ವೇತನವನ್ನೂ ಒದಗಿಸಬೇಕು. ತಂದೆ ನೆಟ್ಟ ಒಂದು ಸಸಿಯನ್ನು ಮಗಳು ಸಾವಿರ ಮನೆಗಳ ಅಂಗಳಕ್ಕೆ ಮುಟ್ಟಿಸಿದಳು. ಶಾಂತಿನಾಥ ಸ್ವಾಮಿಯ ಚರಿತೆಯನ್ನು ಪರರಿಗೆ ಹಂಚುತ್ತ ಹಂಚುತ್ತ ಆಕೆಯ ಮನಸ್ಸಿಗೂ ಶಾಂತಿ ಲಭಿಸಿತೆಂದರೆ ಆಶ್ಚರ್ಯವೇನು?

ಇದರೊಡನೆ ಚಿನ್ನ ಮತ್ತು ರತ್ನಗಳ 1500 ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳೆಂದು ಪ್ರಸಿದ್ಧಿಯಿದೆ. ಮುಧೋಳದ ಬಳೆಗಾರರ ಕುಲದಲ್ಲಿ ಹುಟ್ಟಿ, ವಿದ್ಯೆಯನ್ನರಸಿ ಊರು ಬಿಟ್ಟು ಬಂದ ರನ್ನನಿಗೆ ಆಶ್ರಯವಿತ್ತು, ಎರಡನೆಯ ತೀರ್ಥಂಕರರ ಚರಿತೆಯಾದ ಅಜಿತಪುರಾಣವನ್ನು ಕ್ರಿ.ಶ. 993ರಲ್ಲಿ ಬರೆಯಿಸಿದಳು. ರನ್ನನು ಆಕೆಯನ್ನು ದಾನಚಿಂತಾಮಣಿಯೆಂದು ಹಾಡಿ ಹರಸಿದನು. ತನ್ನ ಮಗನಿಗೆ ಚಾವುಂಡರಾಯನ ನೆನಪಿಗಾಗಿ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಪತಿಯನ್ನೂ ತಂಗಿಯನ್ನೂ ಕಳೆದುಕೊಂಡ ಮನೆಯವಳ ಹೆಸರನ್ನು ಕವಿಯ ಮನೆಯಲ್ಲಿ ಒಂದು ಹಸುಳೆ ಹೊತ್ತು ಬೆಳೆಯಿತು.

ದಾನದ ವಿಸ್ತಾರದಲ್ಲಿ ಆಕೆ ವ್ರತವನ್ನು ಮರೆಯಲಿಲ್ಲ. ಕ್ರಿ.ಶ. 981ರಲ್ಲಿ ಪ್ರತಿಷ್ಠಿತನಾದ ಶ್ರವಣಬೆಳಗೊಳದ ಗೊಮ್ಮಟಸ್ವಾಮಿಯ ದರ್ಶನಕ್ಕೆ ಹೊರಟಾಗ, ಸ್ವಾಮಿಯನ್ನು ಕಾಣುವವರೆಗೆ ಆಹಾರವನ್ನು ಮುಟ್ಟುವುದಿಲ್ಲವೆಂದು ನಿಯಮ ತೊಟ್ಟಳು. ಬಳಲಿ ಬೆಟ್ಟವೇರಿದ ಆ ಸಾಧ್ವಿಯ ಆಯಾಸವನ್ನು ಪರಿಹರಿಸಲೆಂಬಂತೆ ಅಕಾಲದಲ್ಲಿ ಮಳೆ ಸುರಿಯಿತೆಂದು ಹೇಳುತ್ತಾರೆ. ಗೋದಾವರಿಯ ಪ್ರವಾಹವು ಆಕೆಯ ಜಿನಭಕ್ತಿಗೆ ಮಣಿದು ನಿಂತಿತೆಂಬ ಕಥೆಯೂ ಇದೆ. ಈ ಅತಿಶಯಗಳನ್ನು ಭಕ್ತರು ಭಕ್ತಿಯಿಂದ ನೆನೆಯಲಿ. ಆದರೆ ಉಕ್ಕಿ ಬಂದ ತನ್ನ ಶೋಕಪ್ರವಾಹವನ್ನು ತಡೆದು ಲೋಕದ ಹೊಲಗದ್ದೆಗಳಿಗೆ ಹರಿಸಿದುದು ಅವೆಲ್ಲಕ್ಕಿಂತ ದೊಡ್ಡ ಅತಿಶಯವೆಂದು ನಮಗೆ ತೋರುತ್ತದೆ.

ಗದಗಿನ ಸಮೀಪದ ಲಕ್ಕುಂಡಿ ಅಂದು ಲೊಕ್ಕಿಗುಂಡಿಯೆಂಬ ಹೆಸರಿನ ಸಮೃದ್ಧ ಪಟ್ಟಣವಾಗಿತ್ತು. ಅಲ್ಲಿ ಆಕೆ ಭವ್ಯವಾದ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ತೈಲಪನ ಮಗ ಇರಿವಬೆಡಂಗ ಸತ್ಯಾಶ್ರಯನ ಆಳ್ವಿಕೆಯಲ್ಲಿ, ಕ್ರಿ.ಶ. 1007ರ ಶಾಸನವು ಆಕೆಯ ಗುಣಗಳನ್ನೂ ದಾನಗಳನ್ನೂ ಕಲ್ಲಿನಲ್ಲಿ ಕಾಪಾಡಿದೆ. ಬಸದಿಯನ್ನು ಕಟ್ಟಿಸಿ ಕೈತೊಳೆದುಕೊಳ್ಳದೆ, ಅದರ ನಿರ್ವಹಣೆಗಾಗಿ ದತ್ತಿಯನ್ನು ಬಿಡಿಸಿ ಅರ್ಹಣಂದಿ ಪಂಡಿತರ ವಶಕ್ಕೆ ಒಪ್ಪಿಸಿದುದು ಆಕೆಯ ದೂರದೃಷ್ಟಿಗೆ ಸಾಕ್ಷಿ. ಇಂದಿಗೂ ಯಾತ್ರಿಕರು ಆ ಜಿನಾಲಯದ ನವರಂಗದಲ್ಲಿ ನಿಂತು ಕೈಮುಗಿಯುತ್ತಾರೆ. ಕರ್ನಾಟಕ ಸರ್ಕಾರವು ಲೇಖಕಿಯರಿಗೆ ನೀಡುವ ದಾನಚಿಂತಾಮಣಿ ಅತ್ತಿಮಬ್ಬೆ ಪ್ರಶಸ್ತಿಯು ಆಕೆಯ ಶಾಸ್ತ್ರದಾನಕ್ಕೆ ನಾಡು ಸಲ್ಲಿಸಿದ ಗೌರವವಾಗಿದೆ.

ಅತ್ತಿಮಬ್ಬೆ ತನ್ನ ಪತಿಯನ್ನಾಗಲಿ ತಂಗಿಯನ್ನಾಗಲಿ ಮರೆತಳೆಂದು ಯಾರೂ ಭಾವಿಸಬೇಕಾಗಿಲ್ಲ. ಅವರಿಗಾಗಿ ಮೀಸಲಾಗಿದ್ದ ಮಮತೆಯನ್ನು ಆಕೆ ಮೋಹವಾಗಿ ಕೊಳೆಯಗೊಡದೆ, ಮುನಿಗಳಿಗೆ, ಕವಿಗಳಿಗೆ, ಓದುಗರಿಗೆ, ಆಶ್ರಿತರಿಗೆ ಹಂಚಿದಳು. ಹಂಚಿದಷ್ಟೂ ಆಕೆಯ ಎದೆ ಹಗುರವಾಯಿತು, ಬಾಳಿಗೆ ಗುರಿ ದೊರೆಯಿತು.

ಅತ್ತಿಮಬ್ಬೆಗೆ ಸಂಪತ್ತಿತ್ತು, ನಮಗೆಲ್ಲಿಂದ ಬರಬೇಕು ಎಂದು ಕೆಲವರು ಕೇಳಬಹುದು. ದಾನದ ಫಲವು ವಸ್ತುವಿನ ಬೆಲೆಯನ್ನು ಅವಲಂಬಿಸಿಲ್ಲ. ವಿಧಿ, ದ್ರವ್ಯ, ದಾತೃ, ಪಾತ್ರಗಳ ವಿಶೇಷವನ್ನು ಅವಲಂಬಿಸಿದೆ. ನಿಮ್ಮ ಕೇರಿಯಲ್ಲಿ ದುಃಖದಿಂದ ಅನ್ನ ಬಿಟ್ಟ ಸೋದರಿಯಿದ್ದರೆ, ಆಕೆಗೆ ಕೇವಲ ಸಮಾಧಾನದ ಮಾತು ಹೇಳಿ ಹಿಂದಿರುಗಬೇಡಿ. ಮುನಿಸಂಘ ಬಂದಾಗ ಆಹಾರದಾನದ ಚೌಕದಲ್ಲಿ ಆಕೆಯ ಕೈಗೂ ಒಂದು ಕೆಲಸ ಕೊಡಿ. ಪಾಠಶಾಲೆಯ ಮಕ್ಕಳಿಗೆ ಣಮೋಕಾರ ಮಂತ್ರವನ್ನು ಕಲಿಸಲು ಕರೆಯಿರಿ. ರೋಗಿಯೊಬ್ಬರ ಬಳಿ ಕುಳಿತು ಶಾಸ್ತ್ರವನ್ನು ಓದಿ ಹೇಳಲು ಬೇಡಿಕೊಳ್ಳಿ. ಪರ್ವದ ದಿನ ಆಕೆ ಉಪವಾಸವನ್ನು ಮಾಡಲಿ. ಮರುದಿನ ಪಾತ್ರದಾನ ಮಾಡಿ, ಹಸಿದವರೊಬ್ಬರಿಗೆ ಉಣಬಡಿಸಿ, ಆ ಮೇಲೆ ಪಾರಣೆ ಮಾಡಲಿ. ಶೋಕದಿಂದ ಬಿಟ್ಟ ಅನ್ನವು ಆಗ ವ್ರತವಾಗುವುದು. ವ್ರತವು ವೈಯಾವೃತ್ಯದಲ್ಲಿ ಸಾರ್ಥಕವಾಗುವುದು.