ಗೆದ್ದವನ ವಿನಯ

ಯುದ್ಧವನ್ನು ಗೆದ್ದ ಸೇನಾಪತಿಗಳು ಚರಿತ್ರೆಯಲ್ಲಿ ಹಲವರಿದ್ದಾರೆ. ಗೆದ್ದಮೇಲೆ ಸೋತವನ ಮನಸ್ಸನ್ನರಿತು ನಡೆದವರು ವಿರಳ. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೇನೆಯನ್ನು ನಡೆಸಿದ ಯುಲಿಸಿಸ್ ಗ್ರಾಂಟ್ ಅಂತಹವರಲ್ಲೊಬ್ಬ.

ಗ್ರಾಂಟ್ ಹುಟ್ಟಿದ್ದು ೧೮೨೨ರಲ್ಲಿ, ಓಹಾಯೋ ಸಂಸ್ಥಾನದಲ್ಲಿ. ತಂದೆಯದು ಚರ್ಮ ಹದಮಾಡುವ ಕಸಬು. ಮಗನಿಗೆ ಅದು ಹಿಡಿಸಲಿಲ್ಲ. ತಂದೆಯ ಒತ್ತಾಯಕ್ಕೆ ವೆಸ್ಟ್ ಪಾಯಿಂಟಿನ ಸೈನಿಕ ವಿದ್ಯಾಲಯ ಸೇರಿ, ೧೮೪೩ರಲ್ಲಿ ೩೯ ಮಂದಿಯಲ್ಲಿ ೨೧ನೆಯವನಾಗಿ ತೇರ್ಗಡೆಯಾದ. ಮೆಕ್ಸಿಕೋ ಯುದ್ಧದಲ್ಲಿ ಹೋರಾಡಿದ. ೧೮೫೪ರಲ್ಲಿ ಸೈನ್ಯಕ್ಕೆ ರಾಜೀನಾಮೆಯಿತ್ತ ಮೇಲೆ ಸೋಲಿನ ಮೇಲೆ ಸೋಲು. ಬೇಸಾಯ ಕೈಹಿಡಿಯಲಿಲ್ಲ. ಸೇಂಟ್ ಲೂಯಿಸ್ ಪೇಟೆಯಲ್ಲಿ ಸೌದೆ ಮಾರಿದ, ಗಡಿಯಾರವನ್ನು ಒತ್ತೆಯಿಟ್ಟ. ಆ ಬಡತನದಲ್ಲೂ, ತನ್ನ ಒಡೆತನದಲ್ಲಿದ್ದ ಒಬ್ಬ ಗುಲಾಮನನ್ನು ೧೮೫೯ರಲ್ಲಿ ಮಾರದೆ ಬಿಡುಗಡೆ ಮಾಡಿದ. ಕೊನೆಗೆ ತಂದೆಯ ಚರ್ಮದ ಅಂಗಡಿಯನ್ನೇ ಸೇರಬೇಕಾಯಿತು.

೧೮೬೧ರಲ್ಲಿ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದಕ್ಷಿಣದ ಸಂಸ್ಥಾನಗಳು ಒಕ್ಕೂಟದಿಂದ ಸಿಡಿದು ನಿಂತಾಗ ಯುದ್ಧ ಹೊತ್ತಿಕೊಂಡಿತು. ದಕ್ಷಿಣದ ಹೆಸರಾಂತ ಸೇನಾನಿ ರಾಬರ್ಟ್ ಲೀ ಎಲ್ಲದರಲ್ಲಿಯೂ ಗ್ರಾಂಟನಿಗೆ ವಿರುದ್ಧ: ದೊಡ್ಡ ಮನೆತನ, ವೆಸ್ಟ್ ಪಾಯಿಂಟಿನಲ್ಲಿ ಎರಡನೆಯ ಸ್ಥಾನ. ಉತ್ತರದ ಸೇನಾಧಿಪತ್ಯ ತಾನಾಗಿ ಬಂದರೂ, ಹುಟ್ಟುನಾಡು ವರ್ಜೀನಿಯದ ಮೇಲೆ ಕತ್ತಿ ಎತ್ತಲಾರದೆ ಲೀ ಅದನ್ನು ನಿರಾಕರಿಸಿದ್ದ.

೧೮೬೩ರ ಜುಲೈ ೪ರಂದು ಗ್ರಾಂಟ್ ವಿಕ್ಸ್‌ಬರ್ಗನ್ನು ಗೆದ್ದ. ಮರುವರ್ಷ ಅಧ್ಯಕ್ಷ ಲಿಂಕನ್ ಇಡೀ ಸೇನೆಯನ್ನು ಅವನ ಕೈಗಿತ್ತ. ರಕ್ತ ಹೊಳೆಯಾಗಿ ಹರಿಯಿತು. ಆ ಯುದ್ಧದಲ್ಲಿ ಸತ್ತ ಸೈನಿಕರು ಆರು ಲಕ್ಷಕ್ಕೂ ಹೆಚ್ಚು.

೧೮೬೫ರ ಏಪ್ರಿಲ್ ೯ರಂದು ಆಪೊಮ್ಯಾಟಕ್ಸಿನ ಒಂದು ಮನೆಯಲ್ಲಿ ಇಬ್ಬರೂ ಎದುರುಬದುರಾದರು. ಸೋತ ಲೀ ಹೊಸ ಸಮವಸ್ತ್ರ ತೊಟ್ಟು ಕತ್ತಿ ಕಟ್ಟಿದ್ದ. ಗೆದ್ದ ಗ್ರಾಂಟನ ಉಡುಪಿಗೆ ಕೆಸರು ಸಿಡಿದಿತ್ತು. ಗ್ರಾಂಟ್ ಲೀಯ ಕತ್ತಿಯನ್ನು ಕೇಳಲಿಲ್ಲ; ಸೈನಿಕರನ್ನು ಸೆರೆಗೆ ಕಳುಹಲಿಲ್ಲ. ಕುದುರೆ, ಹೇಸರಗತ್ತೆಗಳು ತಮ್ಮವೆನ್ನುವವರು ಅವನ್ನು ಬಿತ್ತನೆಗಾಗಿ ಊರಿಗೆ ಒಯ್ಯಲೆಂದ. ಮಳೆಗಾಲಕ್ಕೆ ಎತ್ತಿಲ್ಲದ ರೈತನ ಪಾಡನ್ನು ಹಳ್ಳಿಗಳಿಂದ ಬಂದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹಸಿದ ಶತ್ರುಸೈನ್ಯಕ್ಕೆ ೨೫,೦೦೦ ಮಂದಿಯ ಆಹಾರ ಕಳುಹಿಸಿದ. ತನ್ನವರು ಹಾರಿಸತೊಡಗಿದ ವಿಜಯದ ತೋಪುಗಳನ್ನು ನಿಲ್ಲಿಸಿದ. ಮುಂದೆ ಲೀಯ ಮೇಲೆ ರಾಜದ್ರೋಹದ ಮೊಕದ್ದಮೆ ಹೂಡಲು ಹೊರಟಾಗ, ಕೊಟ್ಟ ಮಾತು ಮುರಿದರೆ ತಾನು ಹುದ್ದೆಯಲ್ಲಿರುವುದಿಲ್ಲವೆಂದು ಹಟ ಹಿಡಿದ. ಲೀ ಒಂದು ಕಾಲೇಜಿನ ಮುಖ್ಯಸ್ಥನಾಗಿ ೧೮೭೦ರಲ್ಲಿ ತೀರಿಕೊಂಡ.

೧೮೬೯ರಿಂದ ೧೮೭೭ರವರೆಗೆ ಗ್ರಾಂಟ್ ರಾಷ್ಟ್ರಾಧ್ಯಕ್ಷನಾಗಿದ್ದ. ಸುತ್ತಲಿನವರ ಲಂಚಕೋರತನ ಅವನ ಆಡಳಿತಕ್ಕೆ ಮಸಿ ಬಳಿಯಿತು. ಆದರೂ ಬಿಡುಗಡೆ ಹೊಂದಿದ ನೀಗ್ರೋ ಜನರನ್ನು ಕೊಲ್ಲುತ್ತಿದ್ದ ಕೂ ಕ್ಲಕ್ಸ್ ಕ್ಲಾನ್ ಎಂಬ ಗುಂಪನ್ನು ೧೮೭೧ರ ಕಾನೂನಿನಿಂದ ಹತ್ತಿಕ್ಕಿದ. ಸೋತವರಿಗೆ ತೋರಿದ ಕ್ಷಮೆ, ಅವರಿಂದ ನೊಂದವರಿಗೆ ಮುಳುವಾಗಬಾರದೆಂಬುದನ್ನು ಅವನು ಅರಿತಿದ್ದ. ಅವನ ತರುವಾಯ ಆ ರಕ್ಷಣೆ ಸಡಿಲಗೊಂಡಿತು.

೧೮೮೪ರಲ್ಲಿ ಪಾಲುದಾರನ ಮೋಸದಿಂದ ಗ್ರಾಂಟ್ ಮತ್ತೆ ನಿರ್ಗತಿಕನಾದ. ಗಂಟಲಿಗೆ ಕ್ಯಾನ್ಸರ್ ತಗುಲಿತು. ಹೆಂಡತಿ ಮಕ್ಕಳಿಗೆ ಏನಾದರೂ ಉಳಿಯಲೆಂದು ನೋವನ್ನು ನುಂಗಿ ಆತ್ಮಕಥೆ ಬರೆದು ಮುಗಿಸಿ, ಕೆಲವೇ ದಿನಗಳಲ್ಲಿ, ೧೮೮೫ರ ಜುಲೈ ೨೩ರಂದು ಕಣ್ಣುಮುಚ್ಚಿದ. ಆ ಪುಸ್ತಕ ಸಂಸಾರದ ಸಾಲದ ಭಯವನ್ನು ನೀಗಿಸಿತು.

ಬಾಳಿನಲ್ಲಿ ಸೋಲನ್ನು ಉಂಡವನಾದ್ದರಿಂದಲೇ ಗ್ರಾಂಟ್ ಅಂದು ಸೋತವನೆದುರು ತಲೆಯೆತ್ತಿ ಮೆರೆಯಲಿಲ್ಲ. ಅವನ ಗೆಲುವುಗಳಲ್ಲಿ ದೊಡ್ಡದು ಯಾವುದೆಂದು ಕೇಳಿದರೆ, ನಾನು ಆ ದಿನವನ್ನೇ ತೋರಿಸುತ್ತೇನೆ.