ಬಾಗಿಲು ತೆರೆಸಿದ ವಿಜ್ಞಾನಿ ಕಮಲಾ ಸೊಹೋನಿ

 

ನಮ್ಮ ಭಾರತ ದೇಶದಲ್ಲಿ ಅನೇಕ ವಿಜ್ಞಾನಿಗಳು ಆಗಿಹೋಗಿದ್ದಾರೆ. ಸರ್ ಸಿ.ವಿ. ರಾಮನ್ ಅವರ ಹೆಸರು ಎಲ್ಲರಿಗೂ ಗೊತ್ತು. ಆದರೆ ಮಹಿಳಾ ವಿಜ್ಞಾನಿಗಳ ಹೆಸರು ಹೇಳಿ ಅಂದ್ರೆ ನಾವು ತಲೆ ಕೆರೆದುಕೊಳ್ಳುತ್ತೇವೆ. ಅದಕ್ಕೇ ಈ ಸಲದ ಗೋಡೆ ಪತ್ರಿಕೆಗೆ ನಾನು ಕಮಲಾ ಸೊಹೋನಿ ಅವರ ಜೀವನ ಚರಿತ್ರೆ ಬರೆಯುತ್ತಿದ್ದೇನೆ. ಅವರು ಓದಿದ್ದು ನಮ್ಮ ಬೆಂಗಳೂರಿನಲ್ಲೇ. ಅವರು ಕಂಡುಹಿಡಿದ ವಿಷಯಕ್ಕೂ ನಮ್ಮ ಎದೆಯಲ್ಲಿ ಬಡಿಯುವ ಹೃದಯಕ್ಕೂ ಸಂಬಂಧ ಇದೆ.

ಜನನ ಮತ್ತು ಬಾಲ್ಯ

ಕಮಲಾ ಅವರು 1911ರಲ್ಲಿ ಇಂದೋರಿನಲ್ಲಿ ಹುಟ್ಟಿದರು. ಮದುವೆಗೆ ಮೊದಲು ಅವರ ಹೆಸರು ಕಮಲಾ ಭಾಗವತ್. ಅವರ ತಂದೆ ಮತ್ತು ಚಿಕ್ಕಪ್ಪ ಇಬ್ಬರೂ ರಸಾಯನಶಾಸ್ತ್ರ ಓದಿದವರು. ಇಬ್ಬರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಕಾಲದ ವಿದ್ಯಾರ್ಥಿಗಳು. ಇದನ್ನೇ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಅಂತಾರೆ. ನಮ್ಮ ಹುಣಸಮಾರನಹಳ್ಳಿಯಿಂದ ಬಸ್ಸಿನಲ್ಲಿ ಯಲಹಂಕ, ಹೆಬ್ಬಾಳ ದಾಟಿ ಮೇಖ್ರಿ ಸರ್ಕಲ್‌ನಲ್ಲಿ ಇಳಿದರೆ ಅಲ್ಲಿಗೆ ತುಂಬಾ ದೂರ ಇಲ್ಲ. ಕಮಲಾ ಅವರ ಅಕ್ಕ ದುರ್ಗಾ ಭಾಗವತ್ ಮರಾಠಿಯ ದೊಡ್ಡ ಲೇಖಕಿ. ಅಪ್ಪ ಓದಿದ ಕಡೆಯೇ ತಾನೂ ಓದಬೇಕು ಅಂತ ಕಮಲಾ ಅವರಿಗೆ ಆಸೆ ಇತ್ತು.

ಬಾಗಿಲು ಮುಚ್ಚಿತ್ತು

1933ರಲ್ಲಿ ಅವರು ಮುಂಬಯಿ ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ. ಪಾಸು ಮಾಡಿದರು. ಒಳ್ಳೆಯ ಮಾರ್ಕ್ಸ್ ಬಂದಿತ್ತು. ಬೆಂಗಳೂರಿನ ಸಂಸ್ಥೆಗೆ ಅರ್ಜಿ ಹಾಕಿದರು. ಆಗ ಅಲ್ಲಿನ ನಿರ್ದೇಶಕರು ನೊಬೆಲ್ ಬಹುಮಾನ ಪಡೆದ ಸರ್ ಸಿ.ವಿ. ರಾಮನ್. ಅರ್ಜಿ ವಾಪಸ್ಸು ಬಂತು. ಕಾರಣ ಮಾರ್ಕ್ಸ್ ಅಲ್ಲ. ಅವರು ಹುಡುಗಿ ಅನ್ನೋದೇ ಕಾರಣ.

ಬೇರೆಯವರಾಗಿದ್ದರೆ ಅತ್ತು ಸುಮ್ಮನಾಗುತ್ತಿದ್ದರೇನೋ. ಕಮಲಾ ಅವರು ಹಾಗೆ ಮಾಡಲಿಲ್ಲ. ಸೀದಾ ಬೆಂಗಳೂರಿಗೆ ಬಂದು ಕಾರಣ ಕೇಳಿದರು. ಗಾಂಧೀಜಿಯವರ ದಾರಿಯಲ್ಲಿ ನಿರ್ದೇಶಕರ ಆಫೀಸಿನ ಮುಂದೆ ಸತ್ಯಾಗ್ರಹ ಕೂತರು ಅಂತ ಹೇಳುತ್ತಾರೆ. ಕೊನೆಗೆ ರಾಮನ್ ಅವರು ಒಪ್ಪಿದರು. ಆದರೆ ಷರತ್ತು ಹಾಕಿದರು. ಮೊದಲ ಒಂದು ವರ್ಷ ಬರೀ ಪರೀಕ್ಷೆಗಾಗಿ ಇರಬೇಕು, ಕೆಲಸ ಚೆನ್ನಾಗಿದೆ ಅಂತ ತಮಗೆ ಅನ್ನಿಸಿದ ಮೇಲೆಯೇ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು, ಗಂಡು ವಿದ್ಯಾರ್ಥಿಗಳ ಗಮನ ಕೆಡಿಸಬಾರದು ಅಂತ. ಕಮಲಾ ಅವರಿಗೆ ಇದು ಅವಮಾನ ಅನ್ನಿಸಿತು. ಆದರೂ ಓದು ಬೇಕಾಗಿತ್ತು, ಒಪ್ಪಿಕೊಂಡರು.

ಅಲ್ಲಿ ಅವರಿಗೆ ಎಂ. ಶ್ರೀನಿವಾಸಯ್ಯ ಎಂಬ ಒಳ್ಳೆಯ ಗುರುಗಳು ಸಿಕ್ಕಿದರು. ಅವರ ಕೈಕೆಳಗೆ ಕಮಲಾ ಅವರು ಹಾಲು, ಬೇಳೆ ಮತ್ತು ಕಾಳುಗಳಲ್ಲಿ ಇರುವ ಪ್ರೋಟೀನ್ ಬಗ್ಗೆ ಸಂಶೋಧನೆ ಮಾಡಿದರು. ವರ್ಷ ಕಳೆದಾಗ ರಾಮನ್ ಅವರಿಗೂ ತೃಪ್ತಿಯಾಯಿತು. ಆಮೇಲೆ ಬೇರೆ ಹುಡುಗಿಯರಿಗೂ ಆ ಸಂಸ್ಥೆಯ ಬಾಗಿಲು ತೆರೆಯಿತು. 1936ರಲ್ಲಿ ಕಮಲಾ ಅವರು ಎಂ.ಎಸ್ಸಿ. ಪದವಿ ಪಡೆದರು.

ಆಲೂಗಡ್ಡೆಯಲ್ಲಿ ಕಂಡದ್ದು

ಆಮೇಲೆ ಅವರು ಇಂಗ್ಲೆಂಡಿನ ಕೇಂಬ್ರಿಡ್ಜಿಗೆ ಹೋದರು. ಅಲ್ಲಿ ಫ್ರೆಡರಿಕ್ ಹಾಪ್ಕಿನ್ಸ್ ಅವರ ಪ್ರಯೋಗಶಾಲೆ ಇತ್ತು. ಹಾಪ್ಕಿನ್ಸ್ ಅವರು ವಿಟಮಿನ್‌ಗಳ ಬಗ್ಗೆ ಮಾಡಿದ ಕೆಲಸಕ್ಕಾಗಿ 1929ರಲ್ಲಿ ನೊಬೆಲ್ ಬಹುಮಾನ ಪಡೆದವರು. ಅಲ್ಲಿ ಕಮಲಾ ಅವರು ಆಲೂಗಡ್ಡೆಯ ಮೇಲೆ ಕೆಲಸ ಮಾಡುತ್ತಾ ಸಸ್ಯಗಳ ಜೀವಕೋಶದಲ್ಲೂ ಸೈಟೋಕ್ರೋಮ್ ಸಿ ಇದೆ ಅಂತ ತೋರಿಸಿದರು. ಈ ಹೆಸರು ಕಷ್ಟ. ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ.

ನಮ್ಮ ಹೃದಯ ನಿಮಿಷಕ್ಕೆ ಸುಮಾರು 72 ಸಲ ಬಡಿಯುತ್ತದೆ. ಲೆಕ್ಕ ಹಾಕಿದರೆ ದಿನಕ್ಕೆ ಒಂದು ಲಕ್ಷಕ್ಕಿಂತ ಜಾಸ್ತಿ ಆಗುತ್ತದೆ. ನಾವು ಮಲಗಿದಾಗಲೂ ಅದಕ್ಕೆ ರಜಾ ಇಲ್ಲ. ಇಷ್ಟು ಕೆಲಸಕ್ಕೆ ಶಕ್ತಿ ಎಲ್ಲಿಂದ ಬರುತ್ತದೆ? ಹೃದಯದ ಒಂದೊಂದು ಜೀವಕೋಶದ ಒಳಗೂ ಮೈಟೋಕಾಂಡ್ರಿಯ ಎಂಬ ಸಣ್ಣ ಸಣ್ಣ ಒಲೆಗಳು ಇವೆ. ಹೃದಯದ ಕೋಶದಲ್ಲಿ ಅವು ಬಹಳ ಜಾಸ್ತಿ. ನಾವು ತಿಂದ ಆಹಾರ ಮತ್ತು ಉಸಿರಾಡಿದ ಆಮ್ಲಜನಕ ಅಲ್ಲಿ ಸೇರಿ ಶಕ್ತಿ ಆಗುತ್ತದೆ.

ಊರಲ್ಲಿ ಹುಲ್ಲಿನ ಬಣವೆಗೆ ಬೆಂಕಿ ಬಿದ್ದರೆ ಏನು ಮಾಡುತ್ತಾರೆ? ಬಾವಿಯಿಂದ ಬಣವೆವರೆಗೆ ಎಲ್ಲರೂ ಸಾಲಾಗಿ ನಿಂತು ಬಿಂದಿಗೆಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಮಧ್ಯೆ ಒಬ್ಬರು ಕೈಬಿಟ್ಟರೂ ನೀರು ಮುಂದೆ ಹೋಗುವುದಿಲ್ಲ. ಜೀವಕೋಶದಲ್ಲೂ ಹೀಗೇ ಎಲೆಕ್ಟ್ರಾನ್ ಎಂಬ ಕಣಗಳು ಕೈಯಿಂದ ಕೈಗೆ ದಾಟುತ್ತವೆ. ಆ ಸಾಲಿನಲ್ಲಿ ನಿಂತ ಒಬ್ಬ ಆಳು ಸೈಟೋಕ್ರೋಮ್ ಸಿ. ಅದರ ಮಧ್ಯೆ ಕಬ್ಬಿಣದ ಒಂದು ಪರಮಾಣು ಇರುತ್ತದೆ. ವಿಜ್ಞಾನಿಗಳು ಪ್ರಾಣಿಗಳ ಹೃದಯದ ಸ್ನಾಯುವಿನಿಂದ ಇದನ್ನು ಬೇರ್ಪಡಿಸಿ ತೆಗೆಯುತ್ತಿದ್ದರು. ಅಂಥದ್ದೇ ಆಲೂಗಡ್ಡೆಯಲ್ಲೂ ಇದೆ ಅಂದರೆ ಎಂಥ ಆಶ್ಚರ್ಯ! ಹಸುವಿನ ಎದೆಯಲ್ಲೂ ಹೊಲದ ಗಿಡದಲ್ಲೂ ಒಂದೇ ತರಹದ ಒಲೆ ಉರಿಯುತ್ತಿದೆ ಅಂತ ಇದರಿಂದ ಗೊತ್ತಾಗುತ್ತದೆ.

ಕಮಲಾ ಅವರ ಪ್ರಬಂಧ ಬರೀ 40 ಪುಟ ಇತ್ತು. 1939ರಲ್ಲಿ ಅದಕ್ಕೆ ಪಿಎಚ್.ಡಿ. ಪದವಿ ಸಿಕ್ಕಿತು. ವಿಜ್ಞಾನದಲ್ಲಿ ಇಂಥ ಪದವಿ ಪಡೆದ ಭಾರತದ ಮೊಟ್ಟಮೊದಲ ಮಹಿಳೆಯರಲ್ಲಿ ಅವರೂ ಒಬ್ಬರು.

ಬಡವರ ತಟ್ಟೆಗೆ ಬಂದ ವಿಜ್ಞಾನ

ಅವರು ಹೊರದೇಶದಲ್ಲೇ ಉಳಿಯಬಹುದಾಗಿತ್ತು. ಆದರೆ 1939ರಲ್ಲೇ ಭಾರತಕ್ಕೆ ಮರಳಿದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡಿದರು. ನಂತರ ಕೂನೂರಿನ ಪೌಷ್ಟಿಕ ಆಹಾರ ಸಂಶೋಧನಾಲಯದಲ್ಲಿ ವಿಟಮಿನ್‌ಗಳ ಬಗ್ಗೆ ಕೆಲಸ ಮಾಡಿದರು. 1947ರಲ್ಲಿ ಮದುವೆಯಾಗಿ ಮುಂಬಯಿಗೆ ಹೋಗಿ ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಆದರು.

ಅಲ್ಲಿ ಅವರು ಬಡವರಿಗೆ ಕಡಿಮೆ ಖರ್ಚಿನಲ್ಲಿ ಪುಷ್ಟಿ ಸಿಗಬೇಕು ಅಂತ ಯೋಚಿಸಿದರು. ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅವರ ಸಲಹೆಯಂತೆ ನೀರಾವನ್ನು ಪರೀಕ್ಷಿಸಿದರು. ನೀರಾ ಅಂದರೆ ತಾಳೆ, ಈಚಲು ಮೊದಲಾದ ಮರಗಳಿಂದ ಇಳಿಸುವ ಸಿಹಿ ರಸ. ಹುಳಿ ಬಂದರೆ ಅದೇ ಹೆಂಡ ಆಗುತ್ತದೆ, ತಾಜಾ ಇದ್ದಾಗ ಮಾತ್ರ ನೀರಾ. ಅದರಲ್ಲಿ ಕಬ್ಬಿಣ ಮತ್ತು ವಿಟಮಿನ್‌ಗಳು ಇವೆ ಅಂತ ಅವರು ಕಂಡರು. ಸರಿಯಾದ ಊಟ ಇಲ್ಲದ ಆದಿವಾಸಿ ಮಕ್ಕಳಿಗೆ ಮತ್ತು ಬಸುರಿ ಹೆಂಗಸರಿಗೆ ಊಟದ ಜೊತೆ ನೀರಾ ಕೊಟ್ಟಾಗ ಅವರ ಆರೋಗ್ಯ ಸುಧಾರಿಸಿತು. ಈ ಕೆಲಸಕ್ಕಾಗಿ ಅವರಿಗೆ ರಾಷ್ಟ್ರಪತಿ ಪ್ರಶಸ್ತಿ ಬಂತು.

ನಮ್ಮ ಕಡೆ ಎಲ್ಲರಿಗೂ ಇಷ್ಟವಾದ ಅವರೆಕಾಳನ್ನೂ ಅವರು ಬಿಡಲಿಲ್ಲ! ಹಸಿ ಅವರೆಯಲ್ಲಿ ಪ್ರೋಟೀನ್ ಅರಗದಂತೆ ತಡೆಯುವ ಒಂದು ವಸ್ತು ಇದೆ. ಅವರು ಮತ್ತು ಅವರ ವಿದ್ಯಾರ್ಥಿಗಳು ಅದನ್ನು ಬೇರ್ಪಡಿಸಿ ಪರೀಕ್ಷೆ ಮಾಡಿದರು. ಚೆನ್ನಾಗಿ ಬೇಯಿಸಿದರೆ ಅಂಥ ವಸ್ತುಗಳ ಶಕ್ತಿ ಕುಂದುತ್ತದೆ. ನಮ್ಮ ಅಜ್ಜಿಯರು ಕಾಳು ನೆನೆಸಿ ಮೆತ್ತಗೆ ಬೇಯಿಸುವುದು ಸುಮ್ಮನೆ ಅಲ್ಲ ಅಂತ ಇದರಿಂದ ತಿಳಿಯುತ್ತದೆ.

ಆಹಾರ ಕಲಬೆರಕೆ ತಡೆಯಲು ಗ್ರಾಹಕರ ಸಂಘದಲ್ಲೂ ಅವರು ದುಡಿದರು. 1998ರಲ್ಲಿ ದೆಹಲಿಯಲ್ಲಿ ತಮ್ಮ ಸನ್ಮಾನದ ಸಮಾರಂಭದಲ್ಲೇ ಕುಸಿದುಬಿದ್ದು, ಸ್ವಲ್ಪ ದಿನದಲ್ಲಿ ತೀರಿಕೊಂಡರು.

ಇದರಿಂದ ನಾವು ಕಲಿಯುವುದೇನು?

ಈಗ ಹೃದಯಕ್ಕೆ ಬಲ, ಜೀವಕೋಶಕ್ಕೆ ಬಲ ಅಂತ ಟಿ.ವಿ.ಯಲ್ಲಿ ಡಬ್ಬಿ ಪುಡಿ, ಮಾತ್ರೆ ತೋರಿಸುತ್ತಾರೆ. ಸಾಲ ಮಾಡಿ ತರುವವರೂ ಇದ್ದಾರೆ. ಕೊರತೆ ಇಲ್ಲದವರು ವಿಟಮಿನ್ ಮಾತ್ರೆ ನುಂಗಿದರೆ ಹೃದಯದ ಕಾಯಿಲೆ ಬರುವುದಿಲ್ಲ ಅನ್ನೋದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಕಮಲಾ ಅವರೂ ನೀರಾವನ್ನು ಹೃದಯದ ಔಷಧಿ ಅಂತ ಹೇಳಲಿಲ್ಲ. ಯಾರಿಗೆ ಏನು ಕಡಿಮೆ ಇದೆ ಅಂತ ನೋಡಿ, ಅದನ್ನು ಕೊಟ್ಟರು. ಅದೇ ಅವರ ದಾರಿ.

ಹಾಗಾದರೆ ನಮಗೆ ಕಡಿಮೆ ಇರುವುದು ಏನು? ಕಬ್ಬಿಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 100ಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ ಇತ್ತು. ಅಂದರೆ ನಮ್ಮ ಅಮ್ಮ, ಅಕ್ಕಂದಿರಲ್ಲಿ ಹೆಚ್ಚುಕಡಿಮೆ ಅರ್ಧ ಜನ! ರಕ್ತ ಕಡಿಮೆಯಾದರೆ ಆಮ್ಲಜನಕ ಸಾಲದೆ ಹೃದಯ ಬೇಗ ಬೇಗ ಬಡಿಯಬೇಕಾಗುತ್ತದೆ, ಅದಕ್ಕೆ ಆಯಾಸ ಆಗುತ್ತದೆ. ಶಾಲೆಗಳಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲಿ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಇದೆ. ಹೊಟ್ಟೆ ತೊಳಸುತ್ತೆ ಅಂತ ಕೆಲವರು ಅದನ್ನು ಕಿಟಕಿಯಿಂದ ಆಚೆ ಎಸೆಯುತ್ತಾರೆ. ದಯವಿಟ್ಟು ಎಸೆಯಬೇಡಿ. ಬಿಸಿಯೂಟ ಆದ ಮೇಲೆ ನುಂಗಿದರೆ ಅಷ್ಟು ತೊಳಸುವುದಿಲ್ಲ. ಹಾಗಂತ ಎರಡು ಮೂರು ಒಟ್ಟಿಗೆ ನುಂಗಬಾರದು, ಅದು ಅಪಾಯ. ಕಾಳು, ಸೊಪ್ಪಿನ ಜೊತೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಜೊತೆಗೇ ಟೀ ಕುಡಿದರೆ ಅಷ್ಟು ಚೆನ್ನಾಗಿ ಹತ್ತುವುದಿಲ್ಲ. ಇದನ್ನು ಮನೆಯಲ್ಲಿ ಅಮ್ಮಂದಿರಿಗೂ ಹೇಳಿ.

ಇನ್ನೊಂದು ಮಾತು. ಏಳನೇ ತರಗತಿ ಆದ ಮೇಲೆ ಹುಡುಗಿಯರನ್ನು ಮುಂದೆ ಓದಿಸೋದೋ ಬೇಡವೋ ಅಂತ ಕೆಲವು ಮನೆಗಳಲ್ಲಿ ಈಗಲೂ ಮಾತಾಡುತ್ತಾರೆ. 1933ರಲ್ಲಿ ಕಮಲಾ ಅವರು ಬಾಗಿಲ ಹತ್ತಿರದಿಂದಲೇ ವಾಪಸ್ಸು ಹೋಗಿದ್ದರೆ ಆಲೂಗಡ್ಡೆಯ ವಿಷಯ, ನೀರಾದ ವಿಷಯ ನಮಗೆ ಅವರಿಂದ ಸಿಗುತ್ತಿರಲಿಲ್ಲ. ಹೆತ್ತವರು ಮತ್ತು ಗುರುಗಳು ಇದನ್ನು ಓದಿ ಯೋಚನೆ ಮಾಡಬೇಕು ಅಂತ ಕೇಳಿಕೊಳ್ಳುತ್ತೇನೆ.

ಪ್ರಶ್ನೆಗಳು (ಉತ್ತರ ಇದೇ ಲೇಖನದಲ್ಲಿ ಇದೆ, ಹುಡುಕಿ)
1. ಕಮಲಾ ಅವರಿಗೆ ಬೆಂಗಳೂರಿನಲ್ಲಿ ಗುರುಗಳಾಗಿದ್ದವರು ಯಾರು?
2. ಸೈಟೋಕ್ರೋಮ್ ಸಿ ಮಧ್ಯೆ ಇರುವ ಲೋಹ ಯಾವುದು?
3. ನೀರಾ ಹುಳಿ ಬಂದರೆ ಏನಾಗುತ್ತದೆ?

ಇಂತಿ,
7ನೇ ತರಗತಿ ವಿದ್ಯಾರ್ಥಿನಿ, ಹುಣಸಮಾರನಹಳ್ಳಿ